ಚಿಕಿತ್ಸೆ ಮುಗಿದ ಮೇಲೆ: ಸ್ತನ ಕ್ಯಾನ್ಸರಿನ ಉಪಶಮನ ಮತ್ತು ನಂತರದ ತಪಾಸಣೆ

ಶಸ್ತ್ರಚಿಕಿತ್ಸೆಯಾಗಿ, ಕಿಮೋಥೆರಪಿಯ ಸರದಿಗಳು ಮುಗಿದು, ಜನಸಾಮಾನ್ಯರು 'ಕರೆಂಟ್ ಕೊಡುವುದು' ಎಂದು ಕರೆಯುವ ವಿಕಿರಣ ಚಿಕಿತ್ಸೆಯ ಕೊನೆಯ ದಿನ ಬಂದಾಗ, ರೋಗಿಗೂ ಆಕೆಯ ಮನೆಯವರಿಗೂ ದೊಡ್ಡ ಹೊರೆಯೊಂದು ಇಳಿದಂತಾಗುವುದು ಸಹಜ. ಆದರೆ ಅದೇ ದಿನ ವೈದ್ಯರು ಚೀಟಿಯ ಮೇಲೆ ಮೂರು ತಿಂಗಳ ನಂತರದ ದಿನಾಂಕವೊಂದನ್ನು ಬರೆದುಕೊಡುತ್ತಾರೆ. ಹಲವರಿಗೆ ಐದು ವರ್ಷಗಳ ಕಾಲ ನಿತ್ಯವೂ ನುಂಗಬೇಕಾದ ಮಾತ್ರೆಯನ್ನೂ ಸೂಚಿಸುತ್ತಾರೆ. ರೋಗ ಹೋಗಿದ್ದರೆ ಮಾತ್ರೆ ಏಕೆ? ಹೋಗಿಲ್ಲವಾದರೆ ಚಿಕಿತ್ಸೆ ನಿಲ್ಲಿಸಿದ್ದೇಕೆ? ಈ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆಯದೆ ಅನೇಕರು ಎರಡು ಅತಿಗಳಲ್ಲಿ ಒಂದಕ್ಕೆ ಹೋಗುತ್ತಾರೆ. ಕೆಲವರು 'ಎಲ್ಲ ವಾಸಿಯಾಯಿತು' ಎಂದು ಮಾತ್ರೆಯನ್ನೂ ಆಸ್ಪತ್ರೆಯನ್ನೂ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಪ್ರತಿಯೊಂದು ನೋವಿನಲ್ಲೂ ಕ್ಯಾನ್ಸರನ್ನೇ ಕಾಣುತ್ತ ಬದುಕುತ್ತಾರೆ. ಇವೆರಡೂ ಹಾನಿಕರವೇ.

ಭಾರತದ ಮಹಿಳೆಯರಲ್ಲಿ ಇಂದು ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಸ್ತನದ್ದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು ಪತ್ತೆಯಾಗಿವೆ. 1981ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಲ್ಲಿ ಮುಂಬಯಿ, ಮದ್ರಾಸುಗಳ ಜೊತೆಗೆ ಮೊದಲಿಗೇ ಸೇರಿದ್ದ ಬೆಂಗಳೂರಿನಲ್ಲಿಯೂ ಗರ್ಭಕೊರಳಿನ ಕ್ಯಾನ್ಸರನ್ನು ಹಿಂದಿಕ್ಕಿ ಸ್ತನ ಕ್ಯಾನ್ಸರ್ ಮುಂದೆ ಬಂದಿದೆ. ಚಿಕಿತ್ಸೆ ಸುಧಾರಿಸಿದಂತೆ, ಅದನ್ನು ಮುಗಿಸಿ ಬದುಕುತ್ತಿರುವವರ ಸಂಖ್ಯೆಯೂ ಬೆಳೆಯುತ್ತಿದೆ. ಆದ್ದರಿಂದ ಚಿಕಿತ್ಸೆಯ ನಂತರದ ವರ್ಷಗಳನ್ನು ಕುರಿತ ತಿಳಿವಳಿಕೆ ಈಗ ಲಕ್ಷಾಂತರ ಕುಟುಂಬಗಳಿಗೆ ಬೇಕಾದದ್ದಾಗಿದೆ.

ಉಪಶಮನ ಎಂದರೇನು?

ಪರೀಕ್ಷೆಗಳಿಗೆ ಸಿಗುವಷ್ಟು ರೋಗ ದೇಹದಲ್ಲಿ ಉಳಿದಿಲ್ಲದ ಸ್ಥಿತಿಯನ್ನು ವೈದ್ಯಶಾಸ್ತ್ರವು ಪೂರ್ಣ ಉಪಶಮನ ಎನ್ನುತ್ತದೆ. ರೋಗ ಗಣನೀಯವಾಗಿ ಕುಗ್ಗಿದ್ದರೂ ಇನ್ನೂ ಉಳಿದಿದ್ದರೆ ಅದು ಭಾಗಶಃ ಉಪಶಮನ. ಈ ಪದ ರಕ್ತದ ಕ್ಯಾನ್ಸರಿನ ವಿಷಯದಲ್ಲಿ ಹೆಚ್ಚು ರೂಢಿಯಲ್ಲಿದೆ. ಆರಂಭಿಕ ಹಂತದ ಸ್ತನ ಕ್ಯಾನ್ಸರಿನಲ್ಲಿ ಗಡ್ಡೆಯನ್ನು ಪೂರ್ತಿಯಾಗಿ ತೆಗೆದ ಮೇಲೆ ವೈದ್ಯರು ಸಾಮಾನ್ಯವಾಗಿ 'ರೋಗದ ಕುರುಹು ಇಲ್ಲ' ಎಂದಷ್ಟೇ ದಾಖಲಿಸುತ್ತಾರೆ. ರೋಗವು ಮೂಳೆ, ಯಕೃತ್ತು ಮುಂತಾದ ಕಡೆಗಳಿಗೆ ಹರಡಿದ್ದವರಲ್ಲಿಯೂ ಔಷಧಿಯಿಂದ ಅದು ಕುಗ್ಗಿ, ಕೆಲವೊಮ್ಮೆ ವರ್ಷಗಟ್ಟಲೆ ಅಡಗಿರುವುದುಂಟು. ಅದೂ ಉಪಶಮನವೇ. ಆದರೆ ಅಲ್ಲಿ ಔಷಧಿ ಮುಂದುವರಿಯುತ್ತಲೇ ಇರುತ್ತದೆ.

'ವಾಸಿಯಾಯಿತು' ಎಂದು ವೈದ್ಯರು ನೇರವಾಗಿ ಹೇಳದಿರುವುದಕ್ಕೆ ಕಾರಣವಿದೆ. ಗಡ್ಡೆ ಪತ್ತೆಯಾಗುವುದಕ್ಕೆ ಮುನ್ನವೇ ಅದರಿಂದ ಕಳಚಿಕೊಂಡ ಕೆಲವು ಕೋಶಗಳು ರಕ್ತ ಅಥವಾ ದುಗ್ಧನಾಳಗಳ ಮೂಲಕ ಬೇರೆಡೆಗೆ ಹೋಗಿ ನೆಲೆಸಿರಬಹುದು. ಅವು ಎಷ್ಟು ಸೂಕ್ಷ್ಮವೆಂದರೆ ಯಾವ ಸ್ಕ್ಯಾನಿಗೂ ಕಾಣುವುದಿಲ್ಲ. ಎಷ್ಟೋ ಮಂದಿಯಲ್ಲಿ ಅಂಥ ಕೋಶಗಳು ಇರುವುದೇ ಇಲ್ಲ. ಇದ್ದರೂ ಕಿಮೋಥೆರಪಿ ಮತ್ತು ಹಾರ್ಮೋನ್ ಚಿಕಿತ್ಸೆಗಳು ಅವುಗಳನ್ನು ಬಹುಮಟ್ಟಿಗೆ ನಾಶಪಡಿಸುತ್ತವೆ. ಉಳಿದವು ವರ್ಷಗಳ ಕಾಲ ನಿಷ್ಕ್ರಿಯವಾಗಿದ್ದು ಮತ್ತೆ ಬೆಳೆಯಬಹುದು. ಇವರಲ್ಲಿ ಉಳಿದಿವೆ, ಅವರಲ್ಲಿ ಇಲ್ಲ ಎಂದು ಒಬ್ಬೊಬ್ಬರ ಮಟ್ಟದಲ್ಲಿ ಖಚಿತವಾಗಿ ಹೇಳಬಲ್ಲ, ನಿತ್ಯ ಬಳಕೆಯ ಪರೀಕ್ಷೆ ಇನ್ನೂ ಇಲ್ಲ. ಕಾಣದ ಆ ಸಾಧ್ಯತೆಯ ವಿರುದ್ಧವೇ ಮಾತ್ರೆ ಮುಂದುವರಿಯುವುದು. ಮೇಲಿನ ಎರಡೂ ಪ್ರಶ್ನೆಗಳಿಗೆ ಉತ್ತರ ಇದರಲ್ಲಿದೆ.

ಐದು ವರ್ಷದ ಲೆಕ್ಕ

ಐದು ವರ್ಷ ಕಳೆದರೆ ಗೆದ್ದಂತೆ ಎಂಬ ಮಾತು ಜನಜನಿತವಾಗಿದೆ. ಇದು ಎಲ್ಲ ಬಗೆಯ ಸ್ತನ ಕ್ಯಾನ್ಸರಿಗೂ ಸಮಾನವಾಗಿ ಅನ್ವಯಿಸುವುದಿಲ್ಲ. ಗಡ್ಡೆಯ ಅಂಗಾಂಶ ಪರೀಕ್ಷೆಯಲ್ಲಿ ಇ.ಆರ್., ಪಿ.ಆರ್. ಎಂಬ ಹಾರ್ಮೋನ್ ಗ್ರಾಹಕಗಳನ್ನೂ ಹರ್-2 ಎಂಬ ಪ್ರೋಟೀನನ್ನೂ ನೋಡುತ್ತಾರೆ. ಮೂರೂ ಇಲ್ಲದ, 'ಟ್ರಿಪಲ್ ನೆಗೆಟಿವ್' ಎನ್ನಲಾಗುವ ಬಗೆಯಲ್ಲಿ ಮರುಕಳಿಸುವ ಅಪಾಯ ಮೊದಲ ಮೂರು ವರ್ಷಗಳಲ್ಲಿ ಹೆಚ್ಚು. ಐದು ವರ್ಷ ದಾಟಿದರೆ ಅದು ಬಹಳಷ್ಟು ಇಳಿಯುತ್ತದೆ. ಇ.ಆರ್. ಇರುವ ಬಗೆಯಲ್ಲಿ ಆರಂಭದ ಅಪಾಯ ಕಡಿಮೆ, ಆದರೆ ಅದು ದೀರ್ಘಕಾಲ ಮೆಲ್ಲಗೆ ಮುಂದುವರಿಯುತ್ತದೆ.

ಇದನ್ನು ಸ್ಪಷ್ಟಪಡಿಸಿದ್ದು 2017ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ವಿಶ್ಲೇಷಣೆ. ಐದು ವರ್ಷ ಹಾರ್ಮೋನ್ ಚಿಕಿತ್ಸೆ ಪಡೆದು, ಆವರೆಗೆ ರೋಗಮುಕ್ತರಾಗಿದ್ದ 62,923 ಮಹಿಳೆಯರ ಮಾಹಿತಿಯನ್ನು ಅದರಲ್ಲಿ ಪರಿಶೀಲಿಸಲಾಯಿತು. ಐದನೆಯ ವರ್ಷದಿಂದ ಇಪ್ಪತ್ತನೆಯ ವರ್ಷದವರೆಗೂ ರೋಗ ದೂರದ ಅಂಗಗಳಲ್ಲಿ ಕಾಣಿಸಿಕೊಳ್ಳುವುದು ಒಂದೇ ಸಮನಾಗಿ ಮುಂದುವರಿದಿತ್ತು. ಮೊದಲಿನ ಗಡ್ಡೆ ಚಿಕ್ಕದಿದ್ದು, ಕಂಕುಳಿನ ದುಗ್ಧಗ್ರಂಥಿಗಳಿಗೆ ಹರಡಿರದೆ, ನಿಧಾನವಾಗಿ ಬೆಳೆಯುವ ಬಗೆಯದಾಗಿದ್ದವರಲ್ಲಿ ಈ ಹದಿನೈದು ವರ್ಷಗಳ ಅಪಾಯ ಶೇ. 10ರಷ್ಟು. ಗಡ್ಡೆ ದೊಡ್ಡದಿದ್ದು ನಾಲ್ಕರಿಂದ ಒಂಬತ್ತು ಗ್ರಂಥಿಗಳಿಗೆ ಹರಡಿದ್ದವರಲ್ಲಿ ಶೇ. 41ರಷ್ಟು. ಇವರಲ್ಲಿ ಅನೇಕರು ಚಿಕಿತ್ಸೆ ಪಡೆದ ಕಾಲದ ನಂತರ ಔಷಧಿಗಳು ಸುಧಾರಿಸಿವೆ ಎಂಬುದನ್ನೂ ನೆನಪಿಡಬೇಕು. ಐದು ವರ್ಷದ ಗಡಿ ದಾಟುವುದು ಸಂತೋಷದ ಸಂಗತಿಯೇ ಹೌದು. ಆದರೆ ಅಲ್ಲಿಗೆ ತಪಾಸಣೆಯನ್ನು ಪೂರ್ತಿಯಾಗಿ ಕೈಬಿಡಬಾರದು ಎಂಬುದು ಇದರ ತಾತ್ಪರ್ಯ.

ಮರುಕಳಿಕೆಯ ಬಗೆಗಳು

ಕ್ಯಾನ್ಸರ್ ಮರಳುವುದು ಮೂರು ಬಗೆಯಲ್ಲಿ. ಅದೇ ಸ್ತನದಲ್ಲಿ, ಇಲ್ಲವೆ ಸ್ತನ ತೆಗೆದ ಜಾಗದ ಚರ್ಮ ಅಥವಾ ಎದೆಗೋಡೆಯಲ್ಲಿ ಕಾಣಿಸಿಕೊಂಡರೆ ಅದು ಸ್ಥಳೀಯ ಮರುಕಳಿಕೆ. ಕಂಕುಳು ಅಥವಾ ಕೊರಳೆಲುಬಿನ ಬಳಿಯ ಗ್ರಂಥಿಗಳಲ್ಲಿ ಕಂಡರೆ ಪ್ರಾದೇಶಿಕ. ಮೂಳೆ, ಶ್ವಾಸಕೋಶ, ಯಕೃತ್ತು, ಮಿದುಳುಗಳಲ್ಲಿ ಕಂಡರೆ ದೂರದ ಮರುಕಳಿಕೆ. ಮೊದಲ ಎರಡರಲ್ಲಿ ಪೂರ್ಣ ಗುಣದ ಉದ್ದೇಶದಿಂದಲೇ ಮತ್ತೆ ಚಿಕಿತ್ಸೆ ನೀಡಲು ಅನೇಕ ವೇಳೆ ಸಾಧ್ಯವಿದೆ. ಮೂರನೆಯದರಲ್ಲಿ ರೋಗವನ್ನು ಹತೋಟಿಯಲ್ಲಿಟ್ಟು ಆಯುಷ್ಯವನ್ನೂ ಬದುಕಿನ ಗುಣಮಟ್ಟವನ್ನೂ ಕಾಪಾಡುವುದು ಚಿಕಿತ್ಸೆಯ ಗುರಿ. ಇವಲ್ಲದೆ, ಇನ್ನೊಂದು ಸ್ತನದಲ್ಲಿ ಸ್ವತಂತ್ರವಾಗಿ ಹೊಸ ಕ್ಯಾನ್ಸರ್ ಹುಟ್ಟುವ ಸಾಧ್ಯತೆಯೂ ಇದೆ. ಅದು ಮರುಕಳಿಕೆಯಲ್ಲ. ಬೇಗ ಪತ್ತೆಯಾದರೆ ಗುಣವಾಗುವ ಸಂಭವ ಹೆಚ್ಚು.

ತಪಾಸಣೆಯ ಕ್ರಮ

ವ್ಯಾಪಕವಾಗಿ ಒಪ್ಪಿತವಾದ ಕ್ರಮದಂತೆ ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ, ನಾಲ್ಕು ಮತ್ತು ಐದನೆಯ ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆನಂತರ ವರ್ಷಕ್ಕೊಮ್ಮೆ ವೈದ್ಯರನ್ನು ಕಾಣಬೇಕು. ಈ ಭೇಟಿಯಲ್ಲಿ ಮುಖ್ಯವಾದದ್ದು ಯಂತ್ರವಲ್ಲ, ಮಾತು ಮತ್ತು ಕೈ. ಹೊಸ ತೊಂದರೆಗಳನ್ನು ವಿಚಾರಿಸಿ, ಎರಡೂ ಸ್ತನ, ಗಾಯದ ಗುರುತು, ಎದೆಗೋಡೆ, ಕಂಕುಳು, ಕೊರಳೆಲುಬಿನ ಮೇಲ್ಭಾಗಗಳನ್ನು ವೈದ್ಯರು ಮುಟ್ಟಿ ಪರೀಕ್ಷಿಸುತ್ತಾರೆ. ಸಂಕೋಚದಿಂದ ಇದನ್ನು ನಿರಾಕರಿಸಿ, ಬರಿಯ ಮಾತ್ರೆಯ ಚೀಟಿ ಬರೆಸಿಕೊಂಡು ಮರಳುವುದರಿಂದ ಭೇಟಿಯ ಅರ್ಧ ಪ್ರಯೋಜನ ನಷ್ಟವಾಗುತ್ತದೆ.

ಇದರೊಂದಿಗೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಅಗತ್ಯ. ರೋಗಪತ್ತೆಗೆ ಕಾರಣವಾದ ಮ್ಯಾಮೊಗ್ರಾಮಿನಿಂದ ಒಂದು ವರ್ಷಕ್ಕೆ, ಆದರೆ ವಿಕಿರಣ ಚಿಕಿತ್ಸೆ ಮುಗಿದು ಕನಿಷ್ಠ ಆರು ತಿಂಗಳಾದ ಮೇಲೆ, ಮೊದಲನೆಯದನ್ನು ಮಾಡಿಸಬೇಕು. ಒಂದು ಸ್ತನವನ್ನು ಪೂರ್ತಿ ತೆಗೆದಿದ್ದರೆ ಇನ್ನೊಂದಕ್ಕೆ ಮಾತ್ರ ಇದು ಸಾಕು. ಬಿ.ಆರ್.ಸಿ.ಎ. ವಂಶವಾಹಿಯ ದೋಷ ಇರುವವರಿಗೆ, ಹಾಗೂ ಕಿರಿಯ ವಯಸ್ಸಿನ, ದಟ್ಟ ಸ್ತನಾಂಗಾಂಶವುಳ್ಳ ಕೆಲವರಿಗೆ ಎಂ.ಆರ್.ಐ.ಯನ್ನೂ ಸೂಚಿಸಬಹುದು.

ಹೆಚ್ಚು ಪರೀಕ್ಷೆ, ಹೆಚ್ಚು ರಕ್ಷಣೆಯೆ?

ಪ್ರತಿ ಸಲವೂ ಪೆಟ್ ಸ್ಕ್ಯಾನ್, ಮೂಳೆಯ ಸ್ಕ್ಯಾನ್, ಸಿ.ಎ. 15-3ರಂಥ ರಕ್ತಪರೀಕ್ಷೆಗಳನ್ನು ಮಾಡಿಸಿದರೆ ರೋಗ ಬೇಗ ಸಿಕ್ಕಿ ಜೀವ ಉಳಿಯುವುದೆಂಬ ನಂಬಿಕೆ ತರ್ಕಬದ್ಧವಾಗಿಯೇ ತೋರುತ್ತದೆ. ಇದನ್ನು ಪರೀಕ್ಷಿಸಲೆಂದೇ ಇಟಲಿಯಲ್ಲಿ ಎರಡು ದೊಡ್ಡ ಅಧ್ಯಯನಗಳು ನಡೆದು 1994ರಲ್ಲಿ ಪ್ರಕಟವಾದವು. ಒಂದರಲ್ಲಿ 1,320, ಇನ್ನೊಂದರಲ್ಲಿ 1,243 ಮಹಿಳೆಯರಿದ್ದರು. ಅರ್ಧದಷ್ಟು ಮಂದಿಗೆ ನಿಗದಿತ ಕಾಲಕ್ಕೆ ಎದೆಯ ಎಕ್ಸ್‌ರೇ, ಮೂಳೆಯ ಸ್ಕ್ಯಾನ್ ಮುಂತಾದವನ್ನು ಮಾಡಲಾಯಿತು. ಉಳಿದವರಿಗೆ ದೈಹಿಕ ಪರೀಕ್ಷೆ ಮತ್ತು ಮ್ಯಾಮೊಗ್ರಾಮ್ ಮಾತ್ರ. ಬದುಕುಳಿದವರ ಪ್ರಮಾಣದಲ್ಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ದೂರದ ಅಂಗದಲ್ಲಿನ ರೋಗವನ್ನು ಕೆಲವು ತಿಂಗಳು ಮೊದಲೇ ಕಂಡುಹಿಡಿದರೂ ಆಯುಷ್ಯ ಹೆಚ್ಚಲಿಲ್ಲ ಎಂಬುದು ಇದರ ಅರ್ಥ.

ಅಂದಿಗೂ ಇಂದಿಗೂ ಔಷಧಿ, ಯಂತ್ರಗಳೆರಡೂ ಬದಲಾಗಿವೆ, ಸಂಶೋಧನೆಯೂ ಮುಂದುವರಿದಿದೆ. ಆದರೂ ಲಕ್ಷಣಗಳೇ ಇಲ್ಲದವರಿಗೆ ಇಂಥ ಪರೀಕ್ಷೆಗಳನ್ನು ವಾಡಿಕೆಯಾಗಿ ಮಾಡಬಾರದೆಂಬ ಮಾರ್ಗಸೂಚಿ ಬದಲಾಗಿಲ್ಲ. ಹುಸಿ ಅನುಮಾನ ಹುಟ್ಟಿ ಅನಗತ್ಯ ಬಯಾಪ್ಸಿಗೆ ದಾರಿಯಾಗುವುದು, ವಿಕಿರಣಕ್ಕೆ ಮತ್ತೆ ಮತ್ತೆ ಒಡ್ಡಿಕೊಳ್ಳುವುದು, ಸಾಲ ಮಾಡಿ ಸಾವಿರಾರು ರೂಪಾಯಿ ತೆರುವುದು, ಇವೆಲ್ಲ ಅದರ ಬೆಲೆ. ವೈದ್ಯರು ಸ್ಕ್ಯಾನ್ ಬರೆದುಕೊಡಲಿಲ್ಲವೆಂದರೆ ಅದು ಅಲಕ್ಷ್ಯವಲ್ಲ. ಆದರೆ ಲಕ್ಷಣವೊಂದು ಕಂಡಾಗ ಅದೇ ಸ್ಕ್ಯಾನ್ ತಡವಿಲ್ಲದೆ ಆಗಬೇಕು.

ನಿರ್ಲಕ್ಷಿಸಬಾರದ ಲಕ್ಷಣಗಳು

ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ವೈದ್ಯರಿಗೆ ತಿಳಿಸಬೇಕಾದ ಸಂಗತಿಗಳು ಇವು:

- ಸ್ತನ, ಗಾಯದ ಗುರುತು, ಎದೆಗೋಡೆ, ಕಂಕುಳು ಅಥವಾ ಕೊರಳಲ್ಲಿ ಹೊಸ ಗಂಟು
- ಎದೆಯ ಚರ್ಮದಲ್ಲಿ ಕೆಂಪು ಕಲೆ, ಗುಳ್ಳೆ, ಹುಣ್ಣು, ಮೊಲೆತೊಟ್ಟಿನಿಂದ ಸ್ರಾವ
- ಒಂದೇ ಜಾಗದಲ್ಲಿ ನಿಂತು, ವಿಶ್ರಾಂತಿಗೂ ಇಳಿಯದೆ, ದಿನದಿಂದ ದಿನಕ್ಕೆ ಹೆಚ್ಚುವ ಮೂಳೆನೋವು
- ಎರಡು ಮೂರು ವಾರ ಕಳೆದರೂ ಬಿಡದ ಒಣಕೆಮ್ಮು, ಏದುಸಿರು
- ಕಾರಣವಿಲ್ಲದೆ ತೂಕ ಇಳಿಯುವುದು, ಹಸಿವು ಇಂಗುವುದು, ಕಾಮಾಲೆ
- ಬಿಡದ ತಲೆನೋವು, ವಾಂತಿ, ದೃಷ್ಟಿಯ ತೊಂದರೆ, ಮೊದಲ ಸಲ ಬಂದ ಫಿಟ್ಸ್
- ಬೆನ್ನುನೋವಿನೊಂದಿಗೆ ಕಾಲುಗಳ ಬಲಹೀನತೆ ಅಥವಾ ಮಲಮೂತ್ರಗಳ ಹಿಡಿತ ತಪ್ಪುವುದು. ಇದು ತುರ್ತು ಪರಿಸ್ಥಿತಿ. ಅಂದೇ ಆಸ್ಪತ್ರೆ ಸೇರಬೇಕು

ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರಲ್ಲದ ಕಾರಣಗಳಿಂದಲೂ ಬರುತ್ತವೆ. ಮಂಡಿನೋವು ಎಲ್ಲರಿಗೂ ಬರುವಂತೆ ಕ್ಯಾನ್ಸರ್ ಗೆದ್ದವರಿಗೂ ಬರುತ್ತದೆ. ಹೊಸದು, ಬಿಡದ್ದು, ಬೆಳೆಯುತ್ತಿರುವುದು ಎಂಬ ಮೂರು ಅಳತೆಗೋಲುಗಳನ್ನಿಟ್ಟುಕೊಂಡರೆ ಅನಗತ್ಯ ಭಯವನ್ನೂ ಅಪಾಯಕರ ಉದಾಸೀನವನ್ನೂ ದೂರವಿಡಬಹುದು.

ಅರ್ಧಕ್ಕೆ ಬಿಡಬಾರದ ಮಾತ್ರೆ

ಹಾರ್ಮೋನ್ ಗ್ರಾಹಕಗಳಿರುವ ಕ್ಯಾನ್ಸರಿನಲ್ಲಿ, ಮುಟ್ಟು ನಿಲ್ಲದವರಿಗೆ ಸಾಮಾನ್ಯವಾಗಿ ಟಮಾಕ್ಸಿಫೆನ್, ಮುಟ್ಟು ನಿಂತವರಿಗೆ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಅಥವಾ ಎಕ್ಸೆಮೆಸ್ಟೇನ್ ಕೊಡುತ್ತಾರೆ. ಐದು ವರ್ಷ ಟಮಾಕ್ಸಿಫೆನ್ ಸೇವಿಸುವುದರಿಂದ ಮೊದಲ ಹದಿನೈದು ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಮೂರನೆಯ ಒಂದರಷ್ಟು ತಗ್ಗುವುದೆಂದು 2011ರಲ್ಲಿ ಪ್ರಕಟವಾದ ಸಂಯುಕ್ತ ವಿಶ್ಲೇಷಣೆ ತೋರಿಸಿತು. ಕೆಲವರಿಗೆ ಹತ್ತು ವರ್ಷ ಮುಂದುವರಿಸುವುದು ಇನ್ನೂ ಲಾಭಕರವೆಂದು 2012ರ ಅಟ್ಲಾಸ್ ಅಧ್ಯಯನ ಕಂಡುಕೊಂಡಿತು. ಈ ಲಾಭ ಮಾತ್ರೆ ನಿಲ್ಲಿಸಿದ ಮೇಲೂ ಉಳಿಯುತ್ತದೆ. ಆದರೆ ಪೂರ್ಣಾವಧಿ ಸೇವಿಸಿದವರಿಗೆ ಮಾತ್ರ ಪೂರ್ಣವಾಗಿ ದೊರೆಯುತ್ತದೆ.

ಹೀಗಿದ್ದರೂ ಎಷ್ಟೋ ಮಂದಿ ಅರ್ಧದಲ್ಲೇ ನಿಲ್ಲಿಸುತ್ತಾರೆ. ಮೈ ಚೆನ್ನಾಗಿದೆ ಎಂಬುದು ಒಂದು ಕಾರಣ. ಮೈಬಿಸಿಯೇರುವಿಕೆ, ಕೀಲುನೋವು, ನಿದ್ರಾಹೀನತೆ, ಯೋನಿಯ ಒಣತನಗಳು ಇನ್ನೊಂದು. ಈ ತೊಂದರೆಗಳಿಗೆ ಪರಿಹಾರವಿದೆ. ಲೆಟ್ರೋಜೋಲಿನಿಂದ ಬರುವ ಕೀಲುನೋವು ನಿಯತ ವ್ಯಾಯಾಮದಿಂದ ಇಳಿಯುತ್ತದೆ. ಇಳಿಯದಿದ್ದರೆ ಅದೇ ಗುಂಪಿನ ಬೇರೆ ಮಾತ್ರೆಗೆ ಬದಲಿಸಬಹುದು. ಆದ್ದರಿಂದ ಹೇಳದೆ ನಿಲ್ಲಿಸುವ ಬದಲು ಹೇಳಿ ಬದಲಿಸಿಕೊಳ್ಳುವುದು ಲೇಸು. ಟಮಾಕ್ಸಿಫೆನ್ ಸೇವಿಸುವವರಲ್ಲಿ ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಮತ್ತು ರಕ್ತನಾಳಗಳಲ್ಲಿ ಹೆಪ್ಪುಗಟ್ಟುವಿಕೆಯ ಅಪಾಯ ಸ್ವಲ್ಪ ಹೆಚ್ಚು. ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ, ಒಂದು ಕಾಲು ಊದಿ ನೋಯತೊಡಗಿದರೆ ಕೂಡಲೇ ತೋರಿಸಬೇಕು. ಖಿನ್ನತೆಗೆ ಕೊಡುವ ಪ್ಯಾರಾಕ್ಸಿಟಿನ್, ಫ್ಲೂಆಕ್ಸಿಟಿನ್ ಮಾತ್ರೆಗಳು ದೇಹದಲ್ಲಿ ಟಮಾಕ್ಸಿಫೆನ್ ಸಕ್ರಿಯ ರೂಪಕ್ಕೆ ಬರುವುದನ್ನು ತಡೆಯುವುದರಿಂದ, ಬೇರೆ ವೈದ್ಯರ ಬಳಿ ಹೋದಾಗಲೂ ಈ ಮಾತ್ರೆಯ ಹೆಸರು ಹೇಳಬೇಕು. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮರೆಮಾಚಬಾರದು.

ಮೈಬಿಸಿಯೇರುವಿಕೆಗೆ ಈಸ್ಟ್ರೋಜನ್ ಹಾರ್ಮೋನನ್ನೇ ಕೊಡುವ ಪದ್ಧತಿ ಇವರಿಗೆ ಸಲ್ಲದು. ಇದನ್ನು ಪರೀಕ್ಷಿಸುತ್ತಿದ್ದ ಸ್ವೀಡನ್ನಿನ ಹ್ಯಾಬಿಟ್ಸ್ ಅಧ್ಯಯನವನ್ನು, ಹಾರ್ಮೋನ್ ಪಡೆದವರಲ್ಲಿ ಮರುಕಳಿಕೆ ಹೆಚ್ಚಿದ್ದರಿಂದ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಅದರ ವರದಿ 2004ರಲ್ಲಿ ಪ್ರಕಟವಾಯಿತು.

ತೋಳಿನ ಊತ

ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ಅಥವಾ ಅಲ್ಲಿಗೆ ವಿಕಿರಣ ಕೊಟ್ಟಾಗ ದುಗ್ಧರಸ ಸರಾಗವಾಗಿ ಹರಿಯದೆ ಆ ಕಡೆಯ ತೋಳು ಊದಿಕೊಳ್ಳಬಹುದು. ಇದಕ್ಕೆ ಲಿಂಫೆಡೀಮಾ ಎಂದು ಹೆಸರು. ಚಿಕಿತ್ಸೆಯಾದ ಕೆಲವು ತಿಂಗಳಿಗೂ ಬರಬಹುದು, ಹಲವು ವರ್ಷಗಳಿಗೂ ಬರಬಹುದು. ಬಳೆ ಬಿಗಿಯಾಗುವುದು, ರವಿಕೆಯ ತೋಳು ಹಿಡಿಯುವುದು, ಕೈ ಭಾರವೆನಿಸುವುದು ಮೊದಲ ಸೂಚನೆಗಳು. ಆಗಲೇ ತೋರಿಸಿದರೆ ಒತ್ತುಪಟ್ಟಿ, ಒತ್ತುತೋಳು ಹಾಗೂ ವಿಶೇಷ ನೀವುವಿಕೆಯಿಂದ ಹತೋಟಿಗೆ ತರುವುದು ಸುಲಭ; ತಡವಾದಷ್ಟೂ ಊತ ಗಟ್ಟಿಯಾಗುತ್ತದೆ.

ಆ ಕೈಯ ಚರ್ಮವನ್ನು ಗಾಯಗಳಿಂದ ಕಾಪಾಡುವುದು ಮುಖ್ಯ. ಈಳಿಗೆಮಣೆಯ ಗೀರು, ಒಲೆಯ ಸುಟ್ಟಗಾಯ, ಹೊಲದಲ್ಲಿ ಕಳೆ ಕೀಳುವಾಗ ಚುಚ್ಚುವ ಮುಳ್ಳು, ಉಗುರುಸುತ್ತು ಇವು ಸೋಂಕಿಗೆ ದಾರಿಯಾಗುತ್ತವೆ. ತೋಳು ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅಂದೇ ಆಂಟಿಬಯಾಟಿಕ್ ಆರಂಭಿಸಬೇಕು. ಹಾಗೆಂದು ಆ ಕೈಯನ್ನು ಬಳಸದೆ ಇಡುವುದು ತಪ್ಪು. ಭಾರ ಎತ್ತಲೇಬಾರದೆಂಬ ಹಳೆಯ ಎಚ್ಚರಿಕೆಯನ್ನು 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಪ್ರಶ್ನಿಸಿತು. ಊತವಿದ್ದ 141 ಮಹಿಳೆಯರಲ್ಲಿ, ಮಾರ್ಗದರ್ಶನದಲ್ಲಿ ಮೆಲ್ಲಮೆಲ್ಲನೆ ಭಾರ ಹೆಚ್ಚಿಸಿ ವ್ಯಾಯಾಮ ಮಾಡಿದವರ ಊತ ಹೆಚ್ಚಲಿಲ್ಲ. ಅದು ಉಲ್ಬಣಿಸುವ ಪ್ರಸಂಗಗಳೇ ಕಡಿಮೆಯಾದವು.

ಮೂಳೆ, ಹೃದಯ, ಸಂತಾನ

ಲೆಟ್ರೋಜೋಲ್ ಗುಂಪಿನ ಮಾತ್ರೆಗಳು ಮೂಳೆಯ ಸಾಂದ್ರತೆಯನ್ನು ಕುಗ್ಗಿಸುವುದರಿಂದ ಆರಂಭದಲ್ಲಿ ಹಾಗೂ ನಂತರ ನಿಗದಿತ ಕಾಲಕ್ಕೆ ಡೆಕ್ಸಾ ಪರೀಕ್ಷೆ ಮಾಡಿಸಬೇಕು. ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ನಡಿಗೆಯೂ ಅವಶ್ಯ. ಹರ್-2 ಇರುವವರಿಗೆ ಸಾಮಾನ್ಯವಾಗಿ ಒಂದು ವರ್ಷ ಕೊಡುವ ಟ್ರಾಸ್ಟುಜುಮ್ಯಾಬ್ ಚುಚ್ಚುಮದ್ದು ಹೃದಯದ ಬಲವನ್ನು ತಗ್ಗಿಸಬಹುದಾದ್ದರಿಂದ, ಆ ಅವಧಿಯಲ್ಲಿ ಮೂರು ತಿಂಗಳಿಗೊಮ್ಮೆ ಎಕೋ ಪರೀಕ್ಷೆ ನಡೆಯುತ್ತದೆ. ಡಾಕ್ಸೊರುಬಿಸಿನ್ ಪಡೆದವರು ವರ್ಷಗಳ ನಂತರವೂ ಏದುಸಿರು, ಕಾಲುಬಾವುಗಳನ್ನು ಕಡೆಗಣಿಸಬಾರದು.

ಪಾಶ್ಚಾತ್ಯ ದೇಶಗಳಿಗಿಂತ ಕಿರಿಯ ವಯಸ್ಸಿನಲ್ಲೇ ಭಾರತೀಯ ಮಹಿಳೆಯರಲ್ಲಿ ಈ ರೋಗ ಕಂಡುಬರುವುದರಿಂದ ಮಕ್ಕಳ ಪ್ರಶ್ನೆ ಇಲ್ಲಿ ಮಹತ್ವದ್ದು. 2023ರಲ್ಲಿ ಪ್ರಕಟವಾದ ಪಾಸಿಟಿವ್ ಅಧ್ಯಯನದಲ್ಲಿ, 42 ವರ್ಷ ಮೀರದ ಮಹಿಳೆಯರು 18ರಿಂದ 30 ತಿಂಗಳು ಹಾರ್ಮೋನ್ ಚಿಕಿತ್ಸೆ ಪಡೆದು, ಗರ್ಭಧಾರಣೆಗಾಗಿ ಗರಿಷ್ಠ ಎರಡು ವರ್ಷ ಬಿಡುವು ತೆಗೆದುಕೊಂಡರು. ಮೊದಲ ಮೂರು ವರ್ಷಗಳಲ್ಲಿ ಮರುಕಳಿಕೆ ಹೆಚ್ಚಲಿಲ್ಲ. ದೀರ್ಘಾವಧಿಯ ಫಲಿತಾಂಶ ಇನ್ನೂ ಬರಬೇಕಿದೆ. ಟಮಾಕ್ಸಿಫೆನ್ ಭ್ರೂಣಕ್ಕೆ ಹಾನಿಕರವಾದ್ದರಿಂದ ಈ ನಿರ್ಧಾರವನ್ನು ವೈದ್ಯರೊಡನೆ ಚರ್ಚಿಸಿಯೇ ಕೈಗೊಳ್ಳಬೇಕು. ಗರ್ಭನಿರೋಧಕ್ಕೆ ಹಾರ್ಮೋನ್ ಗುಳಿಗೆಗಳ ಬದಲು ಕಾಪರ್-ಟಿ ಅಥವಾ ನಿರೋಧ್ ಬಳಸಬೇಕು.

ಮನಸ್ಸಿನ ಆರೈಕೆ

ಚಿಕಿತ್ಸೆಯ ನಡುವೆ ಗಟ್ಟಿಯಾಗಿದ್ದವರು ಅದು ಮುಗಿದ ಮೇಲೆ ಕುಸಿಯುವುದು ಅಪರೂಪವಲ್ಲ. ಅಲ್ಲಿಯವರೆಗೆ ಸುತ್ತ ಇದ್ದವರು ತಮ್ಮ ತಮ್ಮ ಕೆಲಸಗಳಿಗೆ ಮರಳಿರುತ್ತಾರೆ. ಮನೆಗೆಲಸವೆಲ್ಲ ಮತ್ತೆ ಆಕೆಯ ಪಾಲಿಗೆ ಬಂದಿರುತ್ತದೆ. ಆಯಾಸ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಪ್ರತಿ ತಪಾಸಣೆಯ ಹಿಂದಿನ ವಾರ ನಿದ್ರೆ ಹಾರುತ್ತದೆ. ಮರುಕಳಿಕೆಯ ಭಯ ಬಹುತೇಕ ಎಲ್ಲರಲ್ಲೂ ಇರುವಂಥದು. ಅದು ದೌರ್ಬಲ್ಯದ ಗುರುತಲ್ಲ. ಆದರೆ ಭಯವೇ ಊಟ, ನಿದ್ರೆ, ಕೆಲಸಗಳನ್ನು ನುಂಗತೊಡಗಿದರೆ ಅದಕ್ಕೂ ಚಿಕಿತ್ಸೆ ಬೇಕು. ದಾಂಪತ್ಯದ ಸಮಸ್ಯೆಗಳನ್ನು ಕೇಳುವುದಕ್ಕೂ ಹಿಂಜರಿಯಬೇಕಾಗಿಲ್ಲ. ವಾರಕ್ಕೆ ಒಟ್ಟು 150 ನಿಮಿಷ ಚುರುಕಾಗಿ ನಡೆಯುವುದು ಆಯಾಸ, ಖಿನ್ನತೆಗಳೆರಡನ್ನೂ ತಗ್ಗಿಸುತ್ತದೆ. ಬೆಂಗಳೂರಿನಲ್ಲಿಯೇ ನಡೆದ ಅಧ್ಯಯನಗಳಲ್ಲಿ, ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆಯುತ್ತಿದ್ದವರಿಗೆ ಯೋಗಾಭ್ಯಾಸದಿಂದ ಆತಂಕ ಮತ್ತು ವಾಕರಿಕೆ ಕಡಿಮೆಯಾದುದು ಕಂಡುಬಂದಿದೆ. ಆದರೆ ಯೋಗ ಚಿಕಿತ್ಸೆಗೆ ಪೂರಕವೇ ಹೊರತು ಪರ್ಯಾಯವಲ್ಲ.

ಕಾಗದಪತ್ರ ಮತ್ತು ಪ್ರಯಾಣ

ಅಂಗಾಂಶ ಪರೀಕ್ಷೆಯ ವರದಿ, ಇ.ಆರ್., ಪಿ.ಆರ್., ಹರ್-2 ಫಲಿತಾಂಶ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಪಡೆದ ಕಿಮೋಥೆರಪಿ ಔಷಧಿಗಳ ಹೆಸರು ಮತ್ತು ಪ್ರಮಾಣ, ವಿಕಿರಣದ ವಿವರ, ಬಿಡುಗಡೆ ಪತ್ರ ಇವನ್ನೆಲ್ಲ ಒಂದೇ ಕಡತದಲ್ಲಿ ಜೋಡಿಸಿಟ್ಟು ಒಂದು ಪ್ರತಿಯನ್ನು ಬೇರೆಡೆ ಇಡಬೇಕು. ಹತ್ತು ವರ್ಷಗಳ ನಂತರ ಬೇರೆ ಊರಿನ ವೈದ್ಯರಿಗೆ ದಾರಿ ತೋರುವುದು ಈ ಕಡತವೇ. ಚಿಕ್ಕ ವಯಸ್ಸಿನಲ್ಲಿ ರೋಗ ಬಂದಿದ್ದರೆ, ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ, ವಂಶವಾಹಿ ಪರೀಕ್ಷೆಯ ಬಗ್ಗೆ ವಿಚಾರಿಸಬೇಕು. ಅದರ ಫಲಿತಾಂಶ ಅಕ್ಕತಂಗಿಯರಿಗೂ ಮಕ್ಕಳಿಗೂ ಸಂಬಂಧಿಸಿದ್ದು. ದೋಷವು ತಂದೆಯ ಕಡೆಯಿಂದಲೂ ಬರಬಹುದು.

1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಗೆ ದೂರದ ಜಿಲ್ಲೆಗಳಿಂದ ಬರುವವರಿಗೆ ಬಸ್ಸಿನ ವೆಚ್ಚ ಮತ್ತು ಒಂದು ದಿನದ ಕೂಲಿಯ ನಷ್ಟವೇ ತಪಾಸಣೆ ತಪ್ಪಲು ಕಾರಣವಾಗುತ್ತದೆ. ಕ್ಯಾನ್ಸರ್ ರೋಗಿಗಳಿಗೂ ಅವರ ಜೊತೆಗಾರರಿಗೂ ರೈಲ್ವೆ ಇಲಾಖೆ ನೀಡುವ ರಿಯಾಯಿತಿ ಚಿಕಿತ್ಸೆಗೆ ಮಾತ್ರವಲ್ಲದೆ ನಿಯತ ತಪಾಸಣೆಯ ಪ್ರಯಾಣಕ್ಕೂ ಅನ್ವಯಿಸುತ್ತದೆ. ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಬೇಕು. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಕಲಬುರಗಿಯ ಕಿದ್ವಾಯಿ ಘಟಕಗಳಂಥ ಹತ್ತಿರದ ಕೇಂದ್ರಗಳಲ್ಲಿ ತಪಾಸಣೆ ಮುಂದುವರಿಸಬಹುದೇ ಎಂದು ಮೂಲ ವೈದ್ಯರನ್ನೇ ಕೇಳುವುದು ಒಳ್ಳೆಯದು. ಪ್ರಯಾಣ ಕಷ್ಟವೆಂದು ತಪಾಸಣೆಯನ್ನೇ ಬಿಡುವುದಕ್ಕಿಂತ ಸಮೀಪದಲ್ಲಿ ತೋರಿಸುವುದು ಎಷ್ಟೋ ಮೇಲು.

ಉಪಶಮನ ಎಂಬುದು ಭರವಸೆಯೂ ಹೌದು, ಎಚ್ಚರವೂ ಹೌದು. ಮಾತ್ರೆ ದಿನಕ್ಕೊಂದು, ಮ್ಯಾಮೊಗ್ರಾಮ್ ವರ್ಷಕ್ಕೊಂದು, ನಿಗದಿತ ದಿನಕ್ಕೆ ಒಂದು ಭೇಟಿ. ಇಷ್ಟನ್ನು ತಪ್ಪದೆ ನಡೆಸಿ ಉಳಿದ ದಿನಗಳನ್ನು ರೋಗದ ಚಿಂತೆಗೆ ಒಪ್ಪಿಸದಿರುವುದೇ ಚಿಕಿತ್ಸೆ ಮುಗಿಸಿದವರು ತಮಗೆ ತಾವು ಮಾಡಿಕೊಳ್ಳಬಹುದಾದ ದೊಡ್ಡ ಉಪಕಾರ. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ನೆನಪಿಸಿ, ಜೊತೆಗೆ ಹೊರಡುವುದು ಮನೆಯವರ ಕರ್ತವ್ಯ.